ಬಿಸಿಲು, ಸೆಕೆ, ಮಳೆ ಮೂರೂ ಇರುವ ನೆಲಕ್ಕೆ ಯಾವ ಹೆಂಪ್ ತಳಿ ಒಗ್ಗುತ್ತದೆ?

ಪ್ರಶ್ನೆ: ಹೋಂಸ್ಟೆಡ್, ದಕ್ಷಿಣ ಫ್ಲೋರಿಡಾದಿಂದ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಪುತ್ತೂರಿನ ಕಡೆಯವನು, ಅಡಿಕೆ ತೋಟದ ನಡುವೆ ಬೆಳೆದವನು. ಈಗ ಹೋಂಸ್ಟೆಡ್ ಬಳಿ 5 ಎಕರೆ ಜಮೀನಿನಲ್ಲಿ, ರಾಜ್ಯದ ಕೃಷಿ ಇಲಾಖೆಯಿಂದ ಪರವಾನಗಿ ಪಡೆದು, ನಾರು ಮತ್ತು ಬೀಜಕ್ಕಾಗಿ ಹೆಂಪ್ (ಗಾಂಜಾ ಜಾತಿಯದೇ ಆದ, ಅಮಲಿಲ್ಲದ ಗಿಡ) ಬೆಳೆಯುವ ಪ್ರಯತ್ನದಲ್ಲಿದ್ದೇನೆ. ಅಮಲಿನ ಗಾಂಜಾ ಬೆಳೆಯ ಬಗ್ಗೆ ನನ್ನ ಪ್ರಶ್ನೆಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಏಪ್ರಿಲ್ ಎರಡನೆಯ ವಾರದಲ್ಲಿ ಒಂದು ಫ್ರೆಂಚ್ ತಳಿಯನ್ನು ಬಿತ್ತಿದೆ. ಬೀಜ ಮಾರಿದವರು ಅದು ಉಷ್ಣವನ್ನು ಚೆನ್ನಾಗಿ ತಡೆಯುತ್ತದೆ ಎಂದು ಚೀಲದ ಮೇಲೆಯೇ ಅಚ್ಚು ಹಾಕಿಸಿದ್ದರು. ಮೊಳಕೆ ಸೊಗಸಾಗಿಯೇ ಬಂತು. ಆದರೆ ಐದನೆಯ ವಾರಕ್ಕೆ, ಗಿಡ ಇನ್ನೂ ಮಂಡಿಯೆತ್ತರ ಇರುವಾಗಲೇ, ಇಡೀ ಹೊಲ ಹೂವಿಗೆ ಬಂದುಬಿಟ್ಟಿತು. ಮುಂದೆ ಅದು ಬೆಳೆಯಲೇ ಇಲ್ಲ. ಮೇ ಕೊನೆಗೆ ಮಳೆ ಹಿಡಿದ ಮೇಲೆ ಅಲ್ಲಲ್ಲಿ ಗಿಡಗಳು ಬುಡದಲ್ಲಿ ಕೊಳೆತು ಮಲಗಿದವು. ಕಿತ್ತು ನೋಡಿದರೆ ಬುಡದ ಸುತ್ತ ಬಿಳಿಯ ನೂಲಿನಂಥದ್ದು ಹಬ್ಬಿ, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಉಂಡೆಗಳಿದ್ದವು.

ಅಂತರ್ಜಾಲದಲ್ಲಿ ಎಲ್ಲಿ ಹುಡುಕಿದರೂ ಈ ಗಿಡದ ಎರಡು ಬಗೆಗಳನ್ನು ಹೆಸರಿಸಿ ‘ಸೆಕೆಯ ನಾಡಿಗೆ ಸಟೈವಾ, ಚಳಿಯ ಬೆಟ್ಟಕ್ಕೆ ಇಂಡಿಕಾ’ ಎಂಬ ಒಂದೇ ಮಾತು ಸಿಗುತ್ತದೆ. ಹಾಗಾದರೆ ಥಾಯ್ಲೆಂಡ್, ಕೇರಳ, ಕೊಲಂಬಿಯಾಗಳ ಸಟೈವಾ ಮೂಲದ ಬೀಜವನ್ನು ನಾನು ತರಿಸಬೇಕೆ? ನಾರು ಮತ್ತು ಬೀಜ ಎರಡನ್ನೂ ಕೊಡುವ, ಇಲ್ಲಿನ ಸೆಕೆಯನ್ನೂ ಮಳೆಯನ್ನೂ ತಾಳುವ ತಳಿ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ: ಗೇನ್ಸ್‌ವಿಲ್, ಫ್ಲೋರಿಡಾದಿಂದ

ನಮಸ್ಕಾರ. ನಿಮ್ಮ ಗಿಡ ಕುಳ್ಳಗೆ ಉಳಿದದ್ದು ಸೆಕೆಯಿಂದಲ್ಲ, ಹಗಲಿನ ಉದ್ದದಿಂದ. ನಾನು ಇಲ್ಲಿ ಸಸ್ಯ ತಳಿವಿಜ್ಞಾನದ ಕೆಲಸದಲ್ಲಿದ್ದೇನೆ. ಈ ಒಂದು ವಿಷಯವನ್ನು ತಿಳಿಯದೆ ಕೈಸುಟ್ಟುಕೊಂಡವರನ್ನು ಸಾಕಷ್ಟು ಕಂಡಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮ್ಮೂರಿನ ನಾಟಿ ಅವರೆಯನ್ನು ನೆನಪಿಸಿಕೊಳ್ಳಿ. ಅದನ್ನು ಮಳೆಗಾಲದಲ್ಲಿ ಯಾವಾಗ ಬಿತ್ತಿದರೂ ಹಗಲು ಕುಗ್ಗಿ ಚಳಿ ಹತ್ತಿರ ಬರುವವರೆಗೆ ಬಳ್ಳಿಯಾಗಿಯೇ ಹಬ್ಬುತ್ತದೆ, ಆಮೇಲೆ ಹೂಬಿಡುತ್ತದೆ. ಹೆಂಪ್ ಕೂಡ ಅದೇ ಸ್ವಭಾವದ, ಹಗಲು ಗಿಡ್ಡವಾದಾಗ ಹೂಬಿಡುವ ಸಸ್ಯ. ಪ್ರತಿಯೊಂದು ತಳಿಗೂ ತನ್ನದೇ ಆದ ಒಂದು ಗಡಿಯಿರುತ್ತದೆ. ಹಗಲಿನ ಅವಧಿ ಆ ಗಡಿಗಿಂತ ಕಡಿಮೆಯಿದ್ದರೆ, ಎಳೆತನದ ಮೊದಲ ಕೆಲವು ವಾರಗಳು ಕಳೆದೊಡನೆ, ಗಿಡ ಎತ್ತರಕ್ಕೆ ಬೆಳೆಯುವುದನ್ನು ಬಿಟ್ಟು ಹೂವಿನ ಕಡೆಗೆ ತಿರುಗುತ್ತದೆ. ಫ್ರಾನ್ಸಿನ ಫೆಲಿನಾ 32, ಫ್ಯೂಚುರಾ 75, ಫೆಡೋರಾ 17 ಮುಂತಾದವುಗಳನ್ನು ಬೇಸಿಗೆಯ ಹಗಲು 16 ಗಂಟೆಯಷ್ಟಿರುವ ನಾಡಿನಲ್ಲಿ ಆರಿಸಿ ಬೆಳೆಸಿದ್ದಾರೆ. ನಿಮ್ಮ ಹೋಂಸ್ಟೆಡ್ ಸುಮಾರು 25.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ 21ರ ಅತಿ ದೀರ್ಘ ಹಗಲೂ 13 ಗಂಟೆ 45 ನಿಮಿಷವನ್ನು ದಾಟುವುದಿಲ್ಲ. ಅಂದರೆ ಆ ಫ್ರೆಂಚ್ ತಳಿಯ ಲೆಕ್ಕದಲ್ಲಿ ನಿಮ್ಮ ಹೊಲಕ್ಕೆ ಬೇಸಿಗೆ ಬರುವುದೇ ಇಲ್ಲ, ಮೊಳೆತ ದಿನದಿಂದಲೇ ಅದಕ್ಕೆ ಶರತ್ಕಾಲ. ಬೀಜ ಮಾರಿದವರು ಉಷ್ಣದ ಬಗ್ಗೆ ಹೇಳಿದ್ದು ಸುಳ್ಳೇ ಆಗಿರಬೇಕಿಲ್ಲ, ಆದರೆ ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಈ ಗಡಿ ಎಷ್ಟು ಸೂಕ್ಷ್ಮವಾದುದೆಂದರೆ, ಫ್ಲೋರಿಡಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಗಲಿನ ಅವಧಿಯಲ್ಲಿ ಕೇವಲ 15 ನಿಮಿಷದ ವ್ಯತ್ಯಾಸವೂ ಕೆಲವು ತಳಿಗಳ ಹೂಬಿಡುವಿಕೆಯನ್ನು ಬದಲಿಸಿತು. ಗೇನ್ಸ್‌ವಿಲ್‌ನಲ್ಲಿ ನಮಗೆ ಜೂನ್‌ನಲ್ಲಿ 14 ಗಂಟೆಗಿಂತ ತುಸು ಹೆಚ್ಚು ಹಗಲು ಸಿಗುತ್ತದೆ, ನಿಮಗೆ ಅದಕ್ಕಿಂತ ಸುಮಾರು 20 ನಿಮಿಷ ಕಡಿಮೆ. ಆದ್ದರಿಂದ ಇಲ್ಲಿ ಎದೆಯೆತ್ತರ ಬೆಳೆದ ತಳಿ ಅಲ್ಲಿ ಸೊಂಟಕ್ಕೂ ಬಾರದೆ ಹೋಗಬಹುದು. ಒಂದೇ ರಾಜ್ಯದವನ ಅನುಭವವೆಂದು ನನ್ನ ಮಾತನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ.

ಹಾಗಾದರೆ ಎಲ್ಲಿಯ ತಳಿಯನ್ನು ನೋಡಬೇಕು? ನಿಮ್ಮ ಅಕ್ಷಾಂಶದ್ದನ್ನು, ಇಲ್ಲವೇ ಅದಕ್ಕಿಂತ ದಕ್ಷಿಣದ್ದನ್ನು. ಚೀನಾದ ಯುನ್ನಾನ್ ಪ್ರಾಂತ್ಯ ನಿಮ್ಮದೇ ಅಕ್ಷಾಂಶದ ಆಸುಪಾಸಿನಲ್ಲಿದೆ; ಅಲ್ಲಿನ ಕೃಷಿ ವಿಜ್ಞಾನ ಅಕಾಡೆಮಿ ಹೊರತಂದ ಯುನ್ಮಾ ಸರಣಿಯ ತಳಿಗಳು ನಾರಿಗೆ ಹೆಸರಾದವು. ಅಮೆರಿಕದಲ್ಲಿ ಹಾನ್ ಮತ್ತು ಪೂಮಾ ಎಂಬ ಹೆಸರುಗಳಲ್ಲಿ ಸಿಗುವ ಚೀನೀ ಮೂಲದ ತಳಿಗಳೂ ಇವೆ. ಇವುಗಳಲ್ಲಿ ದಕ್ಷಿಣದ ಮೂಲದವು ತಡವಾಗಿ ಹೂಬಿಡುತ್ತವೆ, ಉತ್ತರ ಚೀನಾದವು ಬೇಗ ಹೂಬಿಡುತ್ತವೆ. ಆದ್ದರಿಂದ ‘ಚೀನೀ ತಳಿ’ ಎಂಬ ಹೆಸರಷ್ಟನ್ನೇ ನಂಬದೆ ಮೂಲ ಊರನ್ನು ಕೇಳಿ. ಇಟಲಿಯ ಕಾರ್ಮಾನ್ಯೋಲಾ, ಎಲೆಟ್ಟಾ ಕಂಪಾನಾ ಯೂರೋಪಿನ ಮಟ್ಟಿಗೆ ತಡದ ತಳಿಗಳು, ಆದರೂ ನಿಮ್ಮಲ್ಲಿಗೆ ಸಾಲವು. ಫಿನ್ಲೆಂಡಿನ ಫಿನೋಲಾ ಹಗಲಿನ ಲೆಕ್ಕವನ್ನು ಹೆಚ್ಚಾಗಿ ಹಿಡಿಯದೆ ವಯಸ್ಸಿಗೆ ಬಂದೊಡನೆ ಹೂಬಿಡುವ ಜಾತಿ. ಅವರೆಯಲ್ಲಿ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ಇದ್ದಂತೆ ಎನ್ನಬಹುದು. ಆದರೆ ಹೆಬ್ಬಾಳ ಅವರೆಯಲ್ಲಿ ನಮಗೆ ಬೇಕಾದದ್ದು ಕಾಯಿ. ಹೆಂಪ್‌ನಲ್ಲಿ ನಿಮಗೆ ಬೇಕಾದದ್ದು ಕಾಂಡ. ಬೇಗ ಹೂಬಿಡುವ ಗುಣ ಅಲ್ಲಿ ವರ, ಇಲ್ಲಿ ನಷ್ಟ.

ಇನ್ನು ಸಟೈವಾ, ಇಂಡಿಕಾ ಎಂಬ ಮಾತು. ಸಸ್ಯವಿಜ್ಞಾನಿ ಲಿನೀಯಸ್ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟದ್ದು ಯೂರೋಪಿನ ನಾರಿನ ಗಿಡಕ್ಕೆ. ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ 1785ರಲ್ಲಿ ಇಂಡಿಕಾ ಎಂದು ಕರೆದದ್ದು ಭಾರತದ ಗಿಡವನ್ನು. ಆದರೆ ಇಂದಿನ ವ್ಯಾಪಾರದ ಭಾಷೆಯಲ್ಲಿ ಕೇರಳದ ತೆಳುವೆಲೆಯ ಎತ್ತರದ ಗಿಡ ‘ಸಟೈವಾ’ ಆಗಿದೆ, ಹಿಂದೂಕುಶ್ ಬೆಟ್ಟದ ಅಗಲವೆಲೆಯ ಕುಳ್ಳ ಗಿಡ ‘ಇಂಡಿಕಾ’ ಆಗಿದೆ. ಹೆಸರಿಟ್ಟವರೇ ಎದ್ದು ಬಂದರೂ ಗುರುತು ಹಿಡಿಯಲಾರರು! ಕಾನೂನಿನ ಮತ್ತು ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಿಮ್ಮ ಹೆಂಪ್ ಎಲ್ಲವೂ ಸಟೈವಾವೇ. ಆ ಮಾತಿನಲ್ಲಿ ಉಳಿದಿರುವ ನಿಜವಿಷ್ಟು: ತೇವದ ನಾಡಿನಲ್ಲಿ ತಲೆಮಾರುಗಳಿಂದ ಬೆಳೆದ ಗಿಡದ ಎಲೆ ಕಿರಿದು, ಗಣ್ಣುಗಳ ನಡುವೆ ಅಂತರ ಹೆಚ್ಚು, ಹೂಗೊಂಚಲು ಸಡಿಲ. ಮಳೆಯ ನೀರು ಗೊಂಚಲಿನಲ್ಲಿ ನಿಲ್ಲದೆ ಗಾಳಿಗೆ ಬೇಗ ಆರುವುದರಿಂದ ಬೂಷ್ಟು ಕಡಿಮೆ. ತಳಿ ಆರಿಸುವಾಗ ಹೆಸರನ್ನು ಬಿಟ್ಟು ಈ ಲಕ್ಷಣಗಳನ್ನು ನೋಡಿ.

ಕೇರಳ, ಕೊಲಂಬಿಯಾದ ಬೀಜ ತರಿಸುವ ಯೋಚನೆಯನ್ನಂತೂ ಕೈಬಿಡಿ. ಅವು ಅಮಲಿಗಾಗಿ ಬೆಳೆದು ಬಂದ ಸಂತತಿಗಳು, ಅವುಗಳ ಟಿಎಚ್‌ಸಿ ಎಂಬ ಅಮಲಿನ ಅಂಶ ಕಾನೂನಿನ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಅದಲ್ಲದೆ ಫ್ಲೋರಿಡಾದ ಕಾಯ್ದೆಯಂತೆ ಪ್ರಮಾಣೀಕೃತ ಬೀಜವನ್ನು, ಇಲ್ಲವೇ ವಿಶ್ವವಿದ್ಯಾಲಯದ ಪ್ರಾಯೋಗಿಕ ಯೋಜನೆಯಲ್ಲಿ ಒಪ್ಪಿಗೆ ಪಡೆದ ಬೀಜವನ್ನು ಮಾತ್ರ ಬಿತ್ತಬೇಕು.

ಕೊನೆಯದಾಗಿ, ನಾರು ಮತ್ತು ಬೀಜ ಎರಡೂ ಬೇಕೆಂದಿದ್ದೀರಿ. ನಿಮ್ಮ ಊರಿನಲ್ಲಿ ಒಂದನ್ನು ಬಿಡಬೇಕಾಗುತ್ತದೆ, ಮತ್ತು ನನ್ನ ಪ್ರಕಾರ ಬಿಡಬೇಕಾದದ್ದು ಬೀಜವನ್ನು. ತಡದ ತಳಿ ಆಗಸ್ಟಿನಲ್ಲಿ ಹೂವಿಗೆ ಬಂದರೆ ಬೀಜ ಬಲಿಯುವ ಹೊತ್ತಿಗೆ ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬರುತ್ತದೆ. ಅದು ಚಂಡಮಾರುತಗಳ ಕಾಲ. ಮೂರು ಮೀಟರ್ ಎತ್ತರದ, ತುದಿಯಲ್ಲಿ ಬೀಜದ ಭಾರ ಹೊತ್ತ ಬೆಳೆ ಆ ಗಾಳಿಗೆ ನಿಲ್ಲುವುದಿಲ್ಲ. ನಾರಿಗಾದರೆ ಗಂಡು ಹೂ ಅರಳುವ ಹೊತ್ತಿಗೇ ಕೊಯ್ಯಬಹುದು.

ಎರಡನೆಯ ಉತ್ತರ: ಶಿವಮೊಗ್ಗದಿಂದ

ಹೋಂಸ್ಟೆಡ್‌ನ ಮಿತ್ರರಿಗೆ ನಮಸ್ಕಾರ. ನಾನು ಕೃಷಿ ಇಲಾಖೆಯಿಂದ ನಿವೃತ್ತನಾದವನು. ಹೆಂಪ್ ಬೆಳೆದ ಅನುಭವ ನನಗಿಲ್ಲ. ಆದರೆ ನೀವು ವಿವರಿಸಿದ ಬಿಳಿ ನೂಲು ಮತ್ತು ಸಾಸಿವೆ ಕಾಳನ್ನು ಶೇಂಗಾ ಹೊಲಗಳಲ್ಲಿ ಮೂವತ್ತು ವರ್ಷ ನೋಡಿದ್ದೇನೆ. ಅದು ಸ್ಕ್ಲೆರೋಶಿಯಂ ರಾಲ್ಫ್‌ಸಿ ಎಂಬ ಶಿಲೀಂಧ್ರದಿಂದ ಬರುವ ಬುಡಕೊಳೆ ರೋಗ. ಸೆಕೆ ಮತ್ತು ತೇವ ಎರಡೂ ಸೇರಿದಾಗ ಕೆರಳುತ್ತದೆ, ನೂರಾರು ಜಾತಿಯ ಬೆಳೆಗಳಿಗೆ ತಗಲುತ್ತದೆ, ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಇದಕ್ಕೆ ತಳಿಯಿಂದ ಪರಿಹಾರ ಹುಡುಕುವುದು ವ್ಯರ್ಥವೆಂದೇ ನನ್ನ ಅನಿಸಿಕೆ. ಹಸಿ ಕಸವನ್ನು ಬುಡದ ಬಳಿ ಬಿಡಬಾರದು, ಹಿಂದಿನ ಬೆಳೆಯ ಉಳಿಕೆಯನ್ನು ಆಳಕ್ಕೆ ಉಳಬೇಕು, ನೀರು ಬಸಿದು ಹೋಗುವಂತೆ ಏರುಮಡಿ ಮಾಡಬೇಕು.

ಬೂಷ್ಟಿನ ಬಗ್ಗೆ ಮೊದಲ ಉತ್ತರದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಹೂಗೊಂಚಲನ್ನು ಕೊಳೆಯಿಸುವ ಬೂದು ಬೂಷ್ಟು, ಅಂದರೆ ಬೊಟ್ರೈಟಿಸ್, ತಂಪು ತೇವದ ರೋಗ. ಸುಮಾರು 15ರಿಂದ 24 ಡಿಗ್ರಿ ಉಷ್ಣತೆಯಲ್ಲಿ ಜೋರಾಗಿರುತ್ತದೆ. ರಾತ್ರಿಯೂ ಸೆಕೆಯಿರುವ ನಿಮ್ಮ ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಅಂಜಬೇಕಾದದ್ದು ಬುಡಕೊಳೆ, ಸಸಿಗಳ ಕೊಳೆ, ಫ್ಯುಸೇರಿಯಂ ಸೊರಗು, ಎಲೆಚುಕ್ಕೆ ಇವುಗಳಿಗೆ. ಅಂದರೆ ನಿಮ್ಮ ಕಣ್ಣು ಗಿಡದ ತಲೆಗಿಂತ ಬುಡದ ಮೇಲಿರಬೇಕು.

ನಿಮ್ಮ ಮಣ್ಣು ಯಾವುದು ಎಂದು ನೀವು ಹೇಳಲಿಲ್ಲ. ಹೋಂಸ್ಟೆಡ್ ಸುತ್ತ ಸುಣ್ಣಕಲ್ಲನ್ನು ಉತ್ತು ಪುಡಿಮಾಡಿದ ಕ್ರೋಮ್ ಎಂಬ ಜಲ್ಲಿ ಮಣ್ಣೂ ಇದೆ, ತಗ್ಗಿನಲ್ಲಿ ನೀರು ನಿಲ್ಲುವ ಮಾರ್ಲ್ ಎಂಬ ಬಿಳಿ ಜೇಡಿಯೂ ಇದೆ ಎಂದು ಓದಿದ್ದೇನೆ. ಮೊದಲನೆಯದಾದರೆ ನೀರು ಬಸಿಯುವ ಚಿಂತೆಯಿಲ್ಲ, ಆದರೆ ಕ್ಷಾರ ಹೆಚ್ಚಿರುವುದರಿಂದ ಕಬ್ಬಿಣದ ಕೊರತೆಯಾಗಿ ಎಳೆ ಎಲೆ ಹಳದಿಯಾಗುತ್ತದೆ. ಎರಡನೆಯದಾದರೆ ಯಾವ ದೇಶದ ತಳಿಯೂ ನಿಮ್ಮನ್ನು ಉಳಿಸದು, ಏಕೆಂದರೆ ಹೆಂಪ್ ಸಸಿ ನಿಂತ ನೀರನ್ನು ಸಹಿಸುವುದೇ ಇಲ್ಲ.

ಇನ್ನೊಂದು ಸಲಹೆ. ಪ್ರತಿ ವರ್ಷವೂ ಐದು ಎಕರೆಗೂ ಹೆಂಪ್ ಹಾಕಬೇಡಿ. ಅರ್ಧಕ್ಕೆ ನಮ್ಮ ಅಪ್ಸೆಣಬನ್ನು (ಸನ್ ಹೆಂಪ್) ಬಿತ್ತಿ. ಹೆಸರಿನಲ್ಲಿ ಸೆಣಬು ಇದ್ದರೂ ಅದು ದ್ವಿದಳ ಜಾತಿಯ ಬೇರೆಯೇ ಗಿಡ; ನೆಲಕ್ಕೆ ಸಾರಜನಕ ಕೊಡುತ್ತದೆ, ಬೇರುಗಂಟು ಜಂತುಹುಳುವನ್ನು ಹತ್ತಿಕ್ಕುತ್ತದೆ. ಭಾರತ ಮೂಲದ ಈ ಬೆಳೆಯ ‘ಟ್ರಾಪಿಕ್ ಸನ್’ ಎಂಬ ತಳಿಯನ್ನು ಹವಾಯಿಯಲ್ಲಿ 1982ರಲ್ಲಿ ಬಿಡುಗಡೆ ಮಾಡಿದ್ದಾರೆ, ಮತ್ತು ನಿಮ್ಮ ಹೋಂಸ್ಟೆಡ್‌ನಲ್ಲಿಯೇ ಬೆಂಡೆ ಬೆಳೆಗೆ ಮುನ್ನ ಅದನ್ನು ಹಸಿರೆಲೆ ಗೊಬ್ಬರವಾಗಿ ಬೆಳೆಸಿ ನೋಡಿದ್ದಾರೆ. (ಸೆಣಬು, ಅಪ್ಸೆಣಬು, ಪುಂಡಿ, ಭಂಗಿ (ಅಂದರೆ ಹೆಂಪ್) ನಾಲ್ಕನ್ನೂ ಪತ್ರಿಕೆಗಳಲ್ಲಿ ಒಂದೇ ಎಂಬಂತೆ ಬರೆಯುವುದನ್ನು ನೋಡಿ ನನಗೆ ಬೇಸರವಾಗಿದೆ, ಆದ್ದರಿಂದ ಇಷ್ಟು ಒತ್ತಿ ಹೇಳಿದೆ.)

ಇದನ್ನು ಓದುವ ಕರ್ನಾಟಕದ ರೈತರಿಗೂ ಒಂದು ಮಾತು ಹೇಳಬೇಕು. ಇಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಅನುಮತಿಯಿಲ್ಲದೆ ಈ ಗಿಡ ಬೆಳೆಯುವುದು ಅಪರಾಧ. ನಾರು, ಬೀಜಕ್ಕಾಗಿ ಸರ್ಕಾರ ಅನುಮತಿ ನೀಡಲು ಕಾಯ್ದೆಯ 14ನೆಯ ಕಲಮು ಅವಕಾಶ ಕೊಡುತ್ತದೆ, ಉತ್ತರಾಖಂಡ ಅದನ್ನು ಬಳಸಿ 2018ರಲ್ಲಿ ಪರವಾನಗಿ ನೀಡಿತು. ನಾರಿನ ಆಸೆಯಿರುವವರು ಇಲ್ಲಿ ಪುಂಡಿಯನ್ನೋ ಅಪ್ಸೆಣಬನ್ನೋ ನಿಶ್ಚಿಂತೆಯಿಂದ ಬೆಳೆಯಬಹುದು.

ಮೂರನೆಯ ಉತ್ತರ: ಚಿಯಾಂಗ್ ಮಾಯ್, ಥಾಯ್ಲೆಂಡಿನಿಂದ

ಮೊದಲ ಉತ್ತರದ ತಿರುಳನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಅಕ್ಷಾಂಶ ಒಂದೇ ಆದ ಮಾತ್ರಕ್ಕೆ ಹವೆ ಒಂದೇ ಆಗುವುದಿಲ್ಲ. ಯುನ್ನಾನ್‌ನ ಕುನ್ಮಿಂಗ್ ನಗರ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಬೇಸಿಗೆಯ ರಾತ್ರಿಗಳು ತಂಪು. ಇಲ್ಲಿ ಉತ್ತರ ಥಾಯ್ಲೆಂಡಿನಲ್ಲಿಯೂ ಹಾಗೆಯೇ. ಮೋಂಗ್ ಜನರು ಬಟ್ಟೆ ನೇಯಲು ಬೆಳೆಯುತ್ತಿದ್ದ ಹೆಂಪ್‌ನಿಂದ ಆರಿಸಿ, ಗುಡ್ಡಗಾಡು ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಆರ್‌ಪಿಎಫ್ 1ರಿಂದ ಆರ್‌ಪಿಎಫ್ 4ರವರೆಗಿನ ನಾಲ್ಕು ತಳಿಗಳನ್ನು ರೂಪಿಸಿದೆ. ಅವು ಉಷ್ಣವಲಯದ ಹಗಲಿಗೆ ಹೊಂದಿಕೊಂಡಿವೆ, ಟಿಎಚ್‌ಸಿಯೂ ಕಡಿಮೆ, ಆದರೆ ಅವು ಗುಡ್ಡದ ತಳಿಗಳು. ಹಗಲಿನ ಉದ್ದ ಹೊಂದಿದರೂ ಸಮುದ್ರಮಟ್ಟದ ಬೆವರುವ ರಾತ್ರಿಗಳಿಗೆ ಅವು ಹೊಂದಿಕೊಳ್ಳುತ್ತವೆಯೇ ಎಂಬುದನ್ನು ಹೊಲದಲ್ಲಿ ಹಾಕಿ ನೋಡದೆ ಹೇಳಲಾಗದು.

ನಾರು ಬಿಡಿಸಲು ಕಾಂಡ ಕೊಳೆಯಿಸುವ ಬಗ್ಗೆಯೂ ಎಚ್ಚರವಿರಲಿ. ಕೊಯ್ದ ಕಾಂಡವನ್ನು ಹೊಲದಲ್ಲಿ ಹರಡಿ ಇಬ್ಬನಿಯಲ್ಲಿ ಕೊಳೆಯಲು ಬಿಡುವ ಪದ್ಧತಿ ಯೂರೋಪಿನಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ನಿಮ್ಮ ಆಗಸ್ಟ್ ಮಳೆಯಲ್ಲಿ ಅದು ಬಹಳ ಬೇಗ ಮುಗಿದು, ಎರಡು ದಿನ ತಡವಾದರೂ ನಾರೇ ಕೊಳೆತುಹೋದೀತು. ದಿನವೂ ಕಾಂಡ ಮುರಿದು ನೋಡಬೇಕು.

ನಾಲ್ಕನೆಯ ಉತ್ತರ: ಟ್ಯಾಲಹಾಸಿ, ಫ್ಲೋರಿಡಾದಿಂದ

ತಪಾಸಣೆಯ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ದಕ್ಷಿಣದ ತಡದ ತಳಿಗಳಲ್ಲಿ ಕೆಲವು ಟಿಎಚ್‌ಸಿ ಮಿತಿಯ ಅಂಚಿನಲ್ಲಿಯೇ ಇರುತ್ತವೆ. ಒಣ ತೂಕದ 0.3 ಶೇಕಡಾ ಎಂಬ ಮಿತಿಯನ್ನು ಅಳೆಯುವಾಗ ಹಸಿ ಗಿಡದಲ್ಲಿರುವ ಆಮ್ಲರೂಪದ ಟಿಎಚ್‌ಸಿಎಯನ್ನೂ 0.877ರಿಂದ ಗುಣಿಸಿ ಸೇರಿಸುತ್ತಾರೆ. ಅಮೆರಿಕದ 2021ರ ಕೇಂದ್ರ ನಿಯಮದಂತೆ ಮಾದರಿ ತೆಗೆದ 30 ದಿನಗಳೊಳಗೆ ಕೊಯ್ಲು ಮುಗಿಯಬೇಕು. ‘ಸೆಕೆ, ನೀರಿನ ಒತ್ತಡದಿಂದ ಟಿಎಚ್‌ಸಿ ಏರಿತು’ ಎಂದು ಬೆಳೆಗಾರರು ಹೇಳುವುದನ್ನು ಕೇಳಿರುತ್ತೀರಿ. ಟಿಎಚ್‌ಸಿ ಮತ್ತು ಅಮಲೇರಿಸದ ಸಿಬಿಡಿ ಎಂಬ ಅಂಶಗಳ ಅನುಪಾತವನ್ನು ನಿರ್ಧರಿಸುವುದು ಮುಖ್ಯವಾಗಿ ಗಿಡದ ವಂಶವಾಹಿ, ಹವೆಯಲ್ಲ. ಹೂ ಬಲಿತಷ್ಟೂ ಎರಡೂ ಒಟ್ಟಿಗೆ ಏರುತ್ತವೆ, ಅಷ್ಟೇ. ಆದ್ದರಿಂದ ನಾರಿಗಾಗಿ ಹೂವಿನ ಆರಂಭದಲ್ಲೇ ಕೊಯ್ಯುವುದು ಈ ದೃಷ್ಟಿಯಿಂದಲೂ ಕ್ಷೇಮ. ಬೀಜ ಕೊಳ್ಳುವಾಗ ಆ ತಳಿಯ ತಪಾಸಣಾ ವರದಿಯನ್ನು, ಸಾಧ್ಯವಾದರೆ ಫ್ಲೋರಿಡಾದಲ್ಲಿಯೇ ಬೆಳೆದದ್ದರ ವರದಿಯನ್ನು ಕೇಳಿ ಪಡೆಯಿರಿ. ನೆರೆಯಲ್ಲಿ ಯಾರಾದರೂ ಹೂವಿಗಾಗಿ ಹೆಂಪ್ ಬೆಳೆಯುತ್ತಿದ್ದರೆ ಬಿತ್ತುವ ಮುನ್ನವೇ ಅವರೊಡನೆ ಮಾತನಾಡಿ. ನಿಮ್ಮ ಗಂಡು ಗಿಡಗಳ ಪರಾಗ ಅವರ ಬೆಳೆಯನ್ನು ಹಾಳುಮಾಡುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶಿವಮೊಗ್ಗದ ಹಿರಿಯರು ಕೇಳಿದ ಮಣ್ಣಿನ ವಿಷಯ: ನಾಲ್ಕು ಎಕರೆ ಜಲ್ಲಿ ಮಣ್ಣು, ಕೆಳಗಿನ ಒಂದು ಎಕರೆ ಮಾರ್ಲ್. ಈಗ ಯೋಚಿಸಿದರೆ ಗಿಡ ಮಲಗಿದ್ದು ಹೆಚ್ಚಾಗಿ ಆ ಕೆಳಗಿನ ಎಕರೆಯಲ್ಲಿಯೇ. ಅದನ್ನು ಹೆಂಪ್‌ನಿಂದ ಬಿಟ್ಟುಬಿಡುತ್ತೇನೆ. ಮೇಲಿನ ನಾಲ್ಕರಲ್ಲಿ ಎರಡಕ್ಕೆ ಅಪ್ಸೆಣಬು ಹಾಕಿ, ಉಳಿದ ಎರಡರಲ್ಲಿ ದಕ್ಷಿಣ ಚೀನಾ ಮೂಲದ ಎರಡು ಪ್ರಮಾಣೀಕೃತ ತಳಿಗಳನ್ನು ಪಟ್ಟೆ ಪಟ್ಟೆಯಾಗಿ ಬಿತ್ತಿ ಹೋಲಿಸುವ ಯೋಚನೆಯಿದೆ. ಬೀಜದ ಆಸೆಯನ್ನು ಬಿಟ್ಟಿದ್ದೇನೆ. ಇನ್ನೊಂದೇ ಸಂದೇಹ ಉಳಿದಿದೆ. ಹಗಲು ಉದ್ದವಾಗಲಿ ಎಂದು ಮೇ ಕೊನೆಯವರೆಗೆ ಕಾದು ಬಿತ್ತಬೇಕೆ?

ಗೇನ್ಸ್‌ವಿಲ್‌ನಿಂದ ಮತ್ತೆ

ಚಿಯಾಂಗ್ ಮಾಯ್‌ನವರು ಹೇಳಿದ್ದು ಸರಿ. ಎತ್ತರದ ವಿಷಯವನ್ನು ನಾನು ಹೇಳಬೇಕಾಗಿತ್ತು. ಎರಡು ತಳಿಗಳನ್ನು ಪಕ್ಕಪಕ್ಕದಲ್ಲಿ ಹಾಕುವ ನಿಮ್ಮ ತೀರ್ಮಾನಕ್ಕೆ ಅದು ಇನ್ನಷ್ಟು ಬಲ ಕೊಡುತ್ತದೆ.

ಮೇ ಕೊನೆಯವರೆಗೆ ಕಾಯಬೇಡಿ. ನಿಮ್ಮಲ್ಲಿ ಹಗಲು 13 ಗಂಟೆಯನ್ನು ಮುಟ್ಟುವುದು ಏಪ್ರಿಲ್ ಕೊನೆಯ ವಾರದಲ್ಲಿ, ಮತ್ತೆ ಅದಕ್ಕಿಂತ ಕೆಳಗಿಳಿಯುವುದು ಆಗಸ್ಟ್ ನಡುವಿನಲ್ಲಿ. ತಡದ ತಳಿಗೆ ಬೆಳೆಯಲು ಸಿಗುವುದು ಈ ಮೂರೂವರೆ ತಿಂಗಳು ಮಾತ್ರ. ಮೇ ಕೊನೆಯಲ್ಲಿ ಬಿತ್ತಿದರೆ ಅದರಲ್ಲಿ ಒಂದು ತಿಂಗಳು ಸುಮ್ಮನೆ ಹೋಗುತ್ತದೆ. ಮೊಳೆತ ಎರಡು ಮೂರು ವಾರ ಸಸಿ ಹಗಲಿನ ಲೆಕ್ಕವನ್ನು ಹಿಡಿಯುವುದಿಲ್ಲವಾದ್ದರಿಂದ, ಏಪ್ರಿಲ್ 15ರ ಸುಮಾರಿಗೆ ಬಿತ್ತಿದರೂ ಹಗಲಿನ ಮಟ್ಟಿಗೆ ತೊಂದರೆಯಾಗದು. ಮೇ ನಡುವಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಗಿಡದ ಬುಡ ಗಟ್ಟಿಯಾಗಿ, ಸಸಿಕೊಳೆಯ ಭಯವೂ ಕಳೆದಿರುತ್ತದೆ. ಏಪ್ರಿಲ್‌ನಲ್ಲಿ ಮಳೆ ಕಡಿಮೆ, ಆದ್ದರಿಂದ ಮೊದಲ ಮೂರು ವಾರ ನೀರು ಕೊಡುವ ವ್ಯವಸ್ಥೆ ಬೇಕು. ಎಕರೆಗೆ 20 ಕಿಲೋದಷ್ಟು ಬೀಜವನ್ನು ಒತ್ತಾಗಿ ಬಿತ್ತಿದರೆ ಕಾಂಡ ಕವಲೊಡೆಯದೆ ನೇರವಾಗಿ ಏರುತ್ತದೆ. ಪ್ರತಿ ತಳಿಯ ಒಂದು ಪಟ್ಟೆಯನ್ನು ಮಾತ್ರ ಮೇ 5ರ ಹೊತ್ತಿಗೆ ಬಿತ್ತಿ, ಎರಡರಲ್ಲಿಯೂ ಮೊದಲ ಹೂ ಕಂಡ ದಿನವನ್ನು ಬರೆದಿಡಿ. ಎರಡೂ ಪಟ್ಟೆಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹೂಬಿಟ್ಟರೆ ಆ ತಳಿ ನಿಮ್ಮ ಹಗಲನ್ನು ಎಣಿಸುತ್ತಿದೆ ಎಂದರ್ಥ. ಬಿತ್ತನೆಯಲ್ಲಿದ್ದ ಮೂರು ವಾರಗಳ ಅಂತರ ಹೂವಿನಲ್ಲಿಯೂ ಹಾಗೆಯೇ ಉಳಿದರೆ ಅದು ಹಗಲಿಗಾಗಿ ಕಾಯದೆ ವಯಸ್ಸಿಗೆ ಬಂದೊಡನೆ ಹೂಬಿಡುತ್ತಿದೆ; ಅದು ನಿಮ್ಮಲ್ಲಿಗೆ ಹೊಂದುವ ತಳಿಯಲ್ಲ, ಮುಂದಿನ ವರ್ಷ ಅದರ ಬೀಜ ಕೊಳ್ಳಬೇಡಿ.